ಎರೆಮಣ್ಣಿನ ಜಾಗದಲ್ಲಿ ಟೆನಿಸ್ ಕೋರ್ಟ್: ಯಾವ ಮೇಲ್ಮೈ, ಎಂಥ ತಳ?

ಪ್ರಶ್ನೆ: ಹುಬ್ಬಳ್ಳಿಯ ಹೊರವಲಯದ ನಮ್ಮ ಬಡಾವಣೆಯಲ್ಲಿ 40 ಮೀಟರ್ ಉದ್ದ, 22 ಮೀಟರ್ ಅಗಲದ ಖಾಲಿ ಜಾಗವಿದೆ. ಪೂರ್ತಿ ಎರೆಮಣ್ಣು. ಅಲ್ಲಿ ಒಂದು ಟೆನಿಸ್ ಕೋರ್ಟ್ ಮಾಡಬೇಕೆಂದಿದ್ದೇವೆ. ಒಬ್ಬ ಗುತ್ತಿಗೆದಾರರು ಒಂದಡಿ ಮಣ್ಣು ತೆಗೆದು, ಸೋಲಿಂಗ್ (ದಪ್ಪ ಕಲ್ಲಿನ ಹಾಸು) ಹಾಕಿ, ನಾಲ್ಕಿಂಚು ಪಿಸಿಸಿ (ಕಬ್ಬಿಣವಿಲ್ಲದ ಕಾಂಕ್ರೀಟ್) ಸುರಿದು, ಮೇಲೆ ‘ಐಟಿಎಫ್ ಅಪ್ರೂವ್ಡ್ 8 ಲೇಯರ್ ಸಿಂಥೆಟಿಕ್’ ಬಳಿಯುತ್ತೇವೆ ಅನ್ನುತ್ತಾರೆ. ಇನ್ನೊಬ್ಬರು ಕೆಂಪು ಮಣ್ಣಿನ ಕೋರ್ಟೇ ಸಾಕು ಎಂದರು. ಮೂರನೆಯವರು ಫುಟ್‌ಬಾಲ್ ಟರ್ಫ್ ಹಾಸಿಬಿಡಿ, ಎರಡೂ ಆಟ ಆಗುತ್ತೆ ಎಂದರು. ಆಡುವವರು ಶಾಲಾ ಮಕ್ಕಳು ಮತ್ತು ಐವತ್ತು ದಾಟಿದ ನಾವು. ಯಾವುದನ್ನು ಒಪ್ಪಬೇಕು?

ಉತ್ತರ: ಮೂವರೂ ಕೋರ್ಟಿನ ಮೇಲ್ಮೈ ಬಗ್ಗೆ ಹೇಳಿದ್ದಾರೆ. ನಿಮ್ಮ ಜಾಗದ ತೊಡಕು ಇರುವುದು ಅಡಿಯಲ್ಲಿ. ಒಂದಡಿ ಅಗೆದು ಎರೆಮಣ್ಣಿನ ಮೇಲೆ ನಾಲ್ಕಿಂಚು ಪಿಸಿಸಿ ಸುರಿದರೆ ಕೆಲವೇ ಮಳೆಗಾಲಗಳಲ್ಲಿ ಅದು ಬಿರಿಯುತ್ತದೆ. 8 ಲೇಯರ್ ಅಲ್ಲ, 18 ಲೇಯರ್ ಬಳಿದರೂ ಆ ಬಿರುಕು ಮೇಲೆ ಬಂದೇ ತೀರುತ್ತದೆ. ಆ ಅಂದಾಜುಪಟ್ಟಿಯನ್ನು ಪಕ್ಕಕ್ಕಿಡಿ.

ದಿನಾ ಬೆಳಿಗ್ಗೆ ಸಂಜೆ ಕೋರ್ಟ್ ನೋಡಿಕೊಳ್ಳುವ ಒಬ್ಬ ಮಾಲಿ ಮತ್ತು ವರ್ಷವಿಡೀ ನೀರು, ಇವೆರಡೂ ಖಾತ್ರಿಯಿದ್ದರೆ ಕೆಂಪು ಮಣ್ಣಿನ ಕೋರ್ಟ್ ಮಾಡಿ. ಖಾತ್ರಿಯಿಲ್ಲದಿದ್ದರೆ ಎರೆಮಣ್ಣು ತೆಗೆದು ಗರಸು ತುಂಬಿ, ಎರಡು ಪದರ ಡಾಂಬರು ಹಾಕಿಸಿ, ಅದರ ಮೇಲೆ ಅಕ್ರಿಲಿಕ್ ಲೇಪ ಬಳಿಸಿ. ಫುಟ್‌ಬಾಲ್ ಟರ್ಫ್ ಮಾತ್ರ ಬೇಡ.

ಎರೆಮಣ್ಣು ಮಾಡುವ ಕಿತಾಪತಿ

ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕೈ ಇಳಿಯುವಷ್ಟು ಬಾಯಿಬಿಡುವುದನ್ನು ನೀವೇ ನೋಡಿರುತ್ತೀರಿ. ಅದರ ಮೇಲೆ ಕಾಂಕ್ರೀಟ್ ಹಾಸಿದಾಗ ನಡುಭಾಗದ ಮಣ್ಣಿನ ತೇವ ಹೆಚ್ಚುಕಡಿಮೆ ಹಾಗೇ ನಿಲ್ಲುತ್ತದೆ, ಏಕೆಂದರೆ ಮೇಲೆ ಮುಚ್ಚಳ ಬಿದ್ದಿದೆ. ಅಂಚಿನ ಮಣ್ಣು ಮಾತ್ರ ಮಳೆಗೆ ನೆನೆದು ಏಳುತ್ತದೆ, ಏಪ್ರಿಲ್‌ನಲ್ಲಿ ಒಣಗಿ ಇಳಿಯುತ್ತದೆ. ಹಾಸು ವರ್ಷಕ್ಕೊಮ್ಮೆ ಮೇಲಕ್ಕೂ ಕೆಳಕ್ಕೂ ಬಾಗುತ್ತದೆ. ಕಬ್ಬಿಣವಿಲ್ಲದ ಪಿಸಿಸಿಗೆ ಬಾಗುವ ಶಕ್ತಿಯೇ ಇಲ್ಲ. ಅದಕ್ಕೇ ಇಂಥ ಕೋರ್ಟುಗಳಲ್ಲಿ ಮೊದಲ ಬಿರುಕು ಅಂಚಿನಿಂದ ಒಂದೆರಡು ಮೀಟರ್ ಒಳಗೆ, ಅಂಚಿಗೆ ಸಮಾನಾಂತರವಾಗಿ ಓಡಿರುತ್ತದೆ. ಬಣ್ಣ ಬಳಿದವರನ್ನು ಬೈದು ಪ್ರಯೋಜನವಿಲ್ಲ.

ಹಾಗಾಗಿ ಮೊದಲ ಖರ್ಚು ಮಣ್ಣಿನ ಪರೀಕ್ಷೆಗೆ ಹೋಗಲಿ. ಜಾಗದ ಮೂರು ಕಡೆ ಒಂದೂವರೆ ಮೀಟರ್ ಆಳದ ಗುಂಡಿ ತೆಗೆಸಿ, ಬೇರೆಬೇರೆ ಆಳದ ಮಣ್ಣನ್ನು ಹತ್ತಿರದ ಇಂಜಿನಿಯರಿಂಗ್ ಕಾಲೇಜಿನ ಮಣ್ಣಿನ ಪ್ರಯೋಗಾಲಯಕ್ಕೆ ಕೊಡಿ. ಅಲ್ಲಿ ಮಾಡುವ ಉಬ್ಬುವಿಕೆಯ ಪರೀಕ್ಷೆ ಬಹಳ ಸರಳ: 425 ಮೈಕ್ರಾನ್ ಜರಡಿಯಲ್ಲಿ ಇಳಿದ 10 ಗ್ರಾಂ ಒಣ ಮಣ್ಣನ್ನು ಒಂದು ಅಳತೆ ಜಾಡಿಯಲ್ಲಿ ನೀರಿಗೂ, ಇನ್ನು 10 ಗ್ರಾಂ ಮಣ್ಣನ್ನು ಮತ್ತೊಂದರಲ್ಲಿ ಸೀಮೆಎಣ್ಣೆಗೂ ಹಾಕಿ 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಗೆ ಮಣ್ಣು ಉಬ್ಬುವುದಿಲ್ಲ. ನೀರಿನಲ್ಲಿ ಅದಕ್ಕಿಂತ ಶೇಕಡಾ ಎಷ್ಟು ಹೆಚ್ಚು ಜಾಗ ಹಿಡಿಯಿತು ಎನ್ನುವುದೇ ಲೆಕ್ಕ. 50ರೊಳಗಿದ್ದರೆ ಚಿಂತೆ ಕಡಿಮೆ. 100 ದಾಟಿದರೆ ಮುಂದೆ ಹೇಳುವ ಯಾವ ಪದರವನ್ನೂ ಉಳಿತಾಯದ ಹೆಸರಲ್ಲಿ ಕತ್ತರಿಸಬೇಡಿ. ಒಂದು ಮೀಟರ್ ಒಳಗೇ ಗಟ್ಟಿ ಗರಸು ಸಿಕ್ಕಿತೋ, ನಿಮ್ಮ ಅದೃಷ್ಟ. ಅಲ್ಲಿಯವರೆಗೆ ಅಗೆದು ಎರೆಯನ್ನು ಪೂರ್ತಿ ತೆಗೆದುಬಿಡಿ.

ತಳ ಕಟ್ಟುವ ಕ್ರಮ

ಟೆನಿಸ್ ಕೋರ್ಟಿನ ಗೆರೆಗಳ ಅಳತೆ 23.77 × 10.97 ಮೀಟರ್. ಆದರೆ ಆಟಗಾರ ಓಡುವ ಜಾಗ ಸೇರಿಸಿದರೆ ಕಟ್ಟಬೇಕಾದದ್ದು 36.57 × 18.29 ಮೀಟರ್, ಅಂದರೆ ಸುಮಾರು 670 ಚದರ ಮೀಟರ್. ಕ್ಲಬ್ ಮಟ್ಟಕ್ಕೆ 34.75 × 17.07 ಕೂಡ ನಡೆಯುತ್ತದೆ. ನಿಮ್ಮ ಜಾಗದಲ್ಲಿ ದೊಡ್ಡದೇ ಹಿಡಿಯುತ್ತದೆ, ಸುತ್ತಲೂ ಒಂದೂವರೆ ಮೀಟರ್ ಅಂಚುಪಟ್ಟಿಗೂ ಜಾಗ ಉಳಿಯುತ್ತದೆ. ಆ ಪಟ್ಟಿಯನ್ನು ಬಿಡಬೇಡಿ. ಮೇಲೆ ಹೇಳಿದ ಅಂಚಿನ ಏರಿಳಿತ ಕೋರ್ಟಿನ ಅಡಿಯಲ್ಲಿ ಆಗದೆ ಪಟ್ಟಿಯ ಅಡಿಯಲ್ಲಿ ಆಗಲಿ ಎನ್ನುವುದೇ ಅದರ ಉದ್ದೇಶ. ಪಟ್ಟಿ ಬಿರಿದರೆ ಆಟಕ್ಕೆ ನಷ್ಟವಿಲ್ಲ.

ಅಗೆತ ಪಟ್ಟಿಯೂ ಸೇರಿ 39.6 × 21.3 ಮೀಟರ್, ಆಳ 65 ಸೆಂ.ಮೀ. ಇದರಲ್ಲಿ ಸುಮಾರು 550 ಘನ ಮೀಟರ್ ಎರೆ ಹೊರಬೀಳುತ್ತದೆ. ಕಿತ್ತ ಮಣ್ಣು ಹಿಗ್ಗುವುದರಿಂದ 10 ಘನ ಮೀಟರ್‌ನ ಟಿಪ್ಪರಿನಲ್ಲಿ 70 ಟ್ರಿಪ್ ಎಂದು ಲೆಕ್ಕ ಹಾಕಿ. ರೈತರಿಗೆ ಬೇಕಾದ ಮಣ್ಣು, ಸಾಗಿಸುವುದು ಕಷ್ಟವಾಗಲಿಕ್ಕಿಲ್ಲ.

ಗುಂಡಿಯ ತಳದ 15 ಸೆಂ.ಮೀ. ಎರೆಯನ್ನು ಕೆದಕಿ, ಒಣ ಮಣ್ಣಿನ ತೂಕದ ಶೇಕಡಾ 4ರಷ್ಟು ಅರಳಿದ ಸುಣ್ಣ ಬೆರೆಸಬೇಕು. ಚದರ ಮೀಟರಿಗೆ 9 ಕೆ.ಜಿ. ಆಗುತ್ತದೆ, ಒಟ್ಟು ಏಳೂವರೆ ಟನ್. ರೋಟವೇಟರ್‌ನಿಂದ ಬೆರೆಸಿ, ನೀರು ಚಿಮುಕಿಸಿ, ಒಂದು ದಿನ ಬಿಟ್ಟು, ಮತ್ತೆ ಬೆರೆಸಿ ರೋಲರ್ ಓಡಿಸಬೇಕು. ಸುಣ್ಣ ಜೇಡಿಯೊಂದಿಗೆ ಪ್ರತಿಕ್ರಿಯಿಸಿ ಅದರ ಉಬ್ಬುವ ಗುಣವನ್ನು ತಗ್ಗಿಸುತ್ತದೆ, ಅಗೆದ ತಳ ಮಳೆಗೆ ಕೆಸರಾಗುವುದನ್ನೂ ತಡೆಯುತ್ತದೆ. ಸುಣ್ಣವನ್ನು ಸುಮ್ಮನೆ ಮೇಲೆ ಎರಚಿ ಮುಚ್ಚುವುದು ಕೆಲಸಗಾರರ ಅಭ್ಯಾಸ. ಬೆರೆಯದ ಸುಣ್ಣದಿಂದ ಏನೂ ಉಪಯೋಗವಿಲ್ಲ.

ಅದರ ಮೇಲೆ 60 ಸೆಂ.ಮೀ. ಗರಸು. ಒಂದೇ ಸಲ ಸುರಿಯದೆ 15 ಸೆಂ.ಮೀ.ನ ನಾಲ್ಕು ಪದರಗಳಲ್ಲಿ, ಪ್ರತಿ ಪದರಕ್ಕೂ ಹದವಾಗಿ ನೀರು ಹಾಕಿ, 8–10 ಟನ್ ರೋಲರಿನಿಂದ ದಮ್ಮಸು ಮಾಡಿ, ಪ್ರಯೋಗಾಲಯದ ಗರಿಷ್ಠ ಸಾಂದ್ರತೆಯ ಶೇಕಡಾ 95ಕ್ಕೆ ಮುಟ್ಟಿಸಬೇಕು. ಇದಕ್ಕೆ 65 ಟಿಪ್ಪರ್ ಗರಸು ಬೇಕು. ಗರಸಿನ ಆಯ್ಕೆಯಲ್ಲಿ ಬಹಳ ಜನ ಎಡವುತ್ತಾರೆ. ನೀರು ಸರಾಗವಾಗಿ ಇಳಿಯುವ ಮರಳುಮರಳಾದ ಗರಸು ‘ಒಳ್ಳೆಯದು’ ಎನಿಸುತ್ತದೆ. ಆದರೆ ಎರೆಯಲ್ಲಿ ತೋಡಿದ ಗುಂಡಿಗೆ ಅದನ್ನು ತುಂಬಿದರೆ ನೀವು ಒಂದು ತೊಟ್ಟಿ ಕಟ್ಟಿದಂತಾಯಿತು: ಮಳೆನೀರು ಗರಸಿನಲ್ಲಿ ಇಳಿದು, ಎರೆಯಲ್ಲಿ ಇಂಗಲಾರದೆ ತಳದಲ್ಲೇ ನಿಂತು, ತಿಂಗಳುಗಟ್ಟಲೆ ಎರೆಯನ್ನು ಉಬ್ಬಿಸುತ್ತಲೇ ಇರುತ್ತದೆ. ಬೇಕಾದದ್ದು ಸ್ವಲ್ಪ ಜೇಡಿಯ ಅಂಟು ಇರುವ, ಆದರೆ ತಾನು ಉಬ್ಬದ ಗರಸು. ಮಲಪ್ರಭಾ ಕಾಲುವೆಗಳನ್ನು ಎರೆಭೂಮಿಯಲ್ಲಿ ಉಳಿಸಿಕೊಳ್ಳಲು ಇಂಜಿನಿಯರುಗಳು ಕಂಡುಕೊಂಡ ದಾರಿಯೂ ಇಂಥ ಅಂಟುಳ್ಳ, ಉಬ್ಬದ ಮಣ್ಣಿನ ದಪ್ಪ ಪದರವೇ. ಧಾರವಾಡದ ಕಡೆಯ ಕೆಂಪು ಗರಸು ಸಾಮಾನ್ಯವಾಗಿ ಇದಕ್ಕೆ ಒಗ್ಗುತ್ತದೆ. ತರಿಸುವ ಮೊದಲು ಅದಕ್ಕೂ ಅದೇ ಉಬ್ಬುವಿಕೆಯ ಪರೀಕ್ಷೆ ಮಾಡಿಸಿ.

ಗುಂಡಿಯ ತಗ್ಗಿನ ಬದಿಯ ತಳದಲ್ಲಿ 110 ಮಿ.ಮೀ. ತೂತಿನ ಪೈಪನ್ನು, ಮಣ್ಣು ತಡೆದು ನೀರು ಬಿಡುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಸುತ್ತಿ, 20 ಮಿ.ಮೀ. ಜಲ್ಲಿಯ ನಡುವೆ ಮಲಗಿಸಿ, 200ಕ್ಕೆ 1ರ ವಾಟದಲ್ಲಿ ಹೊರಗಿನ ಚರಂಡಿಗೆ ಸೇರಿಸಿ. ಚರಂಡಿ ಪೈಪಿಗಿಂತ ಎತ್ತರದಲ್ಲಿದ್ದರೆ ನೀರು ತಿರುಗಿ ಒಳಗೇ ಬರುತ್ತದೆ, ಮಟ್ಟ ಮೊದಲೇ ನೋಡಿಕೊಳ್ಳಿ.

ಗರಸಿನ ಮೇಲೆ 150 ಮಿ.ಮೀ. ವೆಟ್ ಮಿಕ್ಸ್ (ಜಲ್ಲಿ, ಕ್ರಷರ್ ಪುಡಿಯನ್ನು ನೀರಿನಲ್ಲಿ ಕಲಸಿದ ಮಾಲು), 75 ಮಿ.ಮೀ.ನ ಎರಡು ಪದರ. ಕೋರ್ಟಿನ 670 ಚದರ ಮೀಟರಿಗೆ ದಮ್ಮಸಾದ ಮೇಲೆ 100 ಘನ ಮೀಟರ್. ಸೋಲಿಂಗ್ ಕಲ್ಲು ಬೇಡ. ದಪ್ಪ ಕಲ್ಲುಗಳ ಸಂದಿಗೆ ಕೆಳಗಿನ ಮಣ್ಣು ಏರಿ, ಕಲ್ಲು ಕುಸಿದು, ಎರಡು ವರ್ಷದಲ್ಲಿ ಮೇಲೆ ತಗ್ಗು ಕಾಣುತ್ತದೆ. ಮನೆಯ ನೆಲಕ್ಕೆ ನಡೆಯುವ ಕೆಲಸ ಆರು ಮಿ.ಮೀ. ವ್ಯತ್ಯಾಸವನ್ನೂ ಸಹಿಸದ ಕೋರ್ಟಿಗೆ ನಡೆಯದು.

ವಾಟವನ್ನು ಗರಸಿನ ಹಂತದಲ್ಲೇ ಕೊಡಬೇಕು, ಡಾಂಬರಿನ ದಪ್ಪದಲ್ಲಿ ಅಲ್ಲ. ನೀರು ಇಂಗದ ಕೋರ್ಟಿಗೆ 100ಕ್ಕೆ 1, ಅಥವಾ 120ಕ್ಕೆ 1. ಇಡೀ ಕೋರ್ಟ್ ಒಂದೇ ಹಲಗೆಯಂತೆ ಒಂದೇ ಬದಿಗೆ, ಅಗಲದ ದಿಕ್ಕಿನಲ್ಲಿ ವಾಲಿರಬೇಕು, 18.29 ಮೀಟರಿಗೆ 15ರಿಂದ 18 ಸೆಂ.ಮೀ. ಇಳಿತ. ರಸ್ತೆಯಂತೆ ನಡುವೆ ಉಬ್ಬು ಇಡುವುದು, ನೆಟ್ಟಿನಿಂದ ಎರಡೂ ಕಡೆಗೆ ಇಳಿಸುವುದು ತಪ್ಪು. ಮುಗಿದ ಕೋರ್ಟ್ ಸುತ್ತಲ ನೆಲಕ್ಕಿಂತ 15 ಸೆಂ.ಮೀ.ಗೂ ಹೆಚ್ಚು ಎತ್ತರದಲ್ಲಿರಲಿ. ಮೇಲಿನ ಅಗೆತ ಮತ್ತು ಪದರಗಳ ಲೆಕ್ಕದಲ್ಲಿ ಅದು ತಾನಾಗಿಯೇ ಬರುತ್ತದೆ.

ನಿಮ್ಮ ಜಾಗದ 40 ಮೀಟರಿನ ಬದಿ ಉತ್ತರ–ದಕ್ಷಿಣ ಇದ್ದರೆ ಸರಿ. ಪೂರ್ವ–ಪಶ್ಚಿಮ ಇದ್ದರೆ 22 ಮೀಟರ್ ಅಗಲದಲ್ಲಿ ಕೋರ್ಟ್ ತಿರುಗಿಸಲಾಗದು. ಬೆಳಿಗ್ಗೆ ಒಬ್ಬರ ಕಣ್ಣಿಗೆ, ಸಂಜೆ ಇನ್ನೊಬ್ಬರ ಕಣ್ಣಿಗೆ ಸೂರ್ಯ ಬೀಳುತ್ತಾನೆ. ಆಗ ದೀಪಗಳ ಖರ್ಚನ್ನು ಈಗಲೇ ಸೇರಿಸಿ, ಕತ್ತಲಾದ ಮೇಲಿನ ಆಟವನ್ನೇ ನಂಬಬೇಕಾಗುತ್ತದೆ. ದೀಪ ಯಾವಾಗ ಹಾಕಿದರೂ ಸರಿ, ತಂತಿಯ ಪೈಪುಗಳನ್ನು ಮಾತ್ರ ವೆಟ್ ಮಿಕ್ಸ್ ಹಾಕುವ ಮೊದಲೇ ಹೂಳಿ. ನೆರಳಿಗೆಂದು ಅಂಚಿನಲ್ಲಿ ಮರ ನೆಡುವ ಆಸೆ ಬೇಡ. ಬೇರು ಎರೆಯ ತೇವ ಹೀರಿ ಆ ಮೂಲೆಯನ್ನು ಇಳಿಸುತ್ತದೆ. ಮರದ ಪೂರ್ತಿ ಬೆಳೆದ ಎತ್ತರದಷ್ಟು ದೂರ ಇರಲಿ.

ಇನ್ನು ಕಾಲ. ಜನವರಿಯಲ್ಲಿ ಅಗೆತ ಶುರು ಮಾಡಿ, ಏಪ್ರಿಲ್ ಒಳಗೆ ವೆಟ್ ಮಿಕ್ಸ್ ಮುಗಿಸಿ, ನಿಲ್ಲಿಸಿ. ಒಂದು ಮಳೆಗಾಲ ಅದರ ಮೇಲೆ ಹೋಗಲಿ. ಕುಸಿಯಬೇಕಾದದ್ದು ಆಗ ಕುಸಿಯುತ್ತದೆ, ನೀರು ನಿಲ್ಲುವ ಜಾಗ ಬರಿಗಣ್ಣಿಗೇ ಕಾಣುತ್ತದೆ. ದಸರಾ ಕಳೆದ ಮೇಲೆ ತಗ್ಗು ಸರಿಪಡಿಸಿ, ನವೆಂಬರಿನಲ್ಲಿ ಡಾಂಬರು, ಡಿಸೆಂಬರ್ ಕೊನೆ ಅಥವಾ ಜನವರಿಯಲ್ಲಿ ಬಣ್ಣ. ಗುತ್ತಿಗೆದಾರರಿಗೆ ಇದು ಹಿಡಿಸುವುದಿಲ್ಲ, ಹಣ ಆರು ತಿಂಗಳು ನಿಂತುಬಿಡುತ್ತದೆ. ಎರೆಭೂಮಿಯಲ್ಲಿ ಇದಕ್ಕಿಂತ ಅಗ್ಗದ ವಿಮೆ ಇನ್ನೊಂದಿಲ್ಲ.

ಡಾಂಬರು ಮತ್ತು ಅಕ್ರಿಲಿಕ್

ನೀವು ‘ಸಿಂಥೆಟಿಕ್ ಕೋರ್ಟ್’ ಎನ್ನುವುದು ಗಟ್ಟಿ ತಳದ ಮೇಲೆ ಬಳಿದ ಅಕ್ರಿಲಿಕ್ ಬಣ್ಣ ಮತ್ತು ಮರಳಿನ ಲೇಪ. ಯುಎಸ್ ಓಪನ್ 1978ರಿಂದ ಡೆಕೋಟರ್ಫ್ ಮೇಲೆ, 2020ರಿಂದ ಲೇಕೋಲ್ಡ್ ಮೇಲೆ ನಡೆಯುತ್ತಿದೆ. ಆಸ್ಟ್ರೇಲಿಯನ್ ಓಪನ್ 2020ರಿಂದ ಗ್ರೀನ್‌ಸೆಟ್ ಮೇಲೆ. ಹೆಸರು ಬೇರೆಯಾದರೂ ಎಲ್ಲ ಒಂದೇ ಕುಟುಂಬ. ಕುಶನ್ (ಮೆತ್ತನೆಯ ರಬ್ಬರ್ ಪದರ) ಇಲ್ಲದ ಲೇಪದ ಒಟ್ಟು ದಪ್ಪ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಇಷ್ಟು ತೆಳ್ಳನೆಯದು ತಳದ ತಪ್ಪನ್ನು ಮುಚ್ಚಲಾರದು.

ಎರೆಮಣ್ಣಿಗೆ ನಾನು ಕಾಂಕ್ರೀಟಿಗಿಂತ ಡಾಂಬರನ್ನು ಇಷ್ಟಪಡುವುದು ಅದು ಸ್ವಲ್ಪ ಬಾಗಬಲ್ಲದು, ಕೆಟ್ಟರೆ ಆ ಭಾಗವನ್ನಷ್ಟೇ ಕತ್ತರಿಸಿ ಸರಿಪಡಿಸಬಹುದು ಎಂಬ ಕಾರಣಕ್ಕೆ. ವೆಟ್ ಮಿಕ್ಸ್ ಮೇಲೆ ಪ್ರೈಮ್ ಕೋಟ್ (ತೆಳು ಡಾಂಬರಿನ ಸಿಂಪಡಣೆ), ನಂತರ 50 ಮಿ.ಮೀ. ಒರಟು ಪದರ, ಟ್ಯಾಕ್ ಕೋಟ್ (ಎರಡು ಪದರ ಅಂಟಿಸುವ ಡಾಂಬರು), 25 ಮಿ.ಮೀ. ನಯವಾದ ಪದರ. ಕ್ರಮವಾಗಿ ಸುಮಾರು 77 ಟನ್ ಮತ್ತು 38 ಟನ್ ಮಾಲು. ಮೇಲಿನ ಪದರದಲ್ಲಿ 10 ಮಿ.ಮೀ.ಗಿಂತ ದಪ್ಪದ ಜಲ್ಲಿ ಇರಬಾರದು. ರಸ್ತೆಗೆ ಹಾಕುವ ಮಾಲನ್ನೇ ತಂದು ಸುರಿದರೆ ಮೇಲ್ಮೈ ರಂಧ್ರರಂಧ್ರವಾಗಿ, ಅಕ್ರಿಲಿಕ್ ಅದರಲ್ಲೇ ಇಳಿದುಹೋಗುತ್ತದೆ. ಎರಡು ಕೋಟ್ ಬಳಿದರೂ ಕಪ್ಪು ಕಾಣುತ್ತಿರುತ್ತದೆ. 25 ಮಿ.ಮೀ. ಪದರ ಬೇಗ ತಣಿಯುತ್ತದೆ, 100 ಡಿಗ್ರಿಗೆ ಇಳಿಯುವ ಮೊದಲು ರೋಲಿಂಗ್ ಮುಗಿಯಬೇಕು. ಆದ್ದರಿಂದ ಪ್ಲಾಂಟ್ ಹತ್ತಿರದ್ದಾಗಿರಲಿ, ಇಡೀ ಪದರ ಒಂದೇ ದಿನ ಬೀಳಲಿ. ಇವತ್ತಿನ ಪಟ್ಟಿಗೆ ನಾಳೆಯ ಪಟ್ಟಿ ಜೋಡಿಸಿದ ತಣ್ಣನೆಯ ಸೇರುವೆಯೇ ಮುಂದೆ ನೇರ ಬಿರುಕಾಗುವುದು. ಕೈಯಿಂದ ಹರಡಬಾರದು, ಹರಡುವ ಯಂತ್ರ (ಪೇವರ್) ಬೇಕೇ ಬೇಕು. ರೋಲರಿನಿಂದ ಡೀಸೆಲ್ ತೊಟ್ಟಿಕ್ಕಿದ ಜಾಗ ಮೆತ್ತಗಾಗಿ ಅಲ್ಲಿ ಬಣ್ಣ ಹಿಡಿಯುವುದಿಲ್ಲ; ಕಂಡ ಕೂಡಲೇ ಕತ್ತರಿಸಿ ಬೇರೆ ಮಾಲು ತುಂಬಿಸಿ.

ಜೇಕಿನ ಗಡ್ಡೆ ಇರುವ ಜಾಗವಾದರೆ ಇನ್ನೊಂದು ಎಚ್ಚರಿಕೆ. ಈ ಹುಲ್ಲಿನ ಮೊಳಕೆ ಹೊಸ ಡಾಂಬರನ್ನು ಸೂಜಿಯಂತೆ ಚುಚ್ಚಿ ಮೇಲೇಳುತ್ತದೆ. 65 ಸೆಂ.ಮೀ. ಅಗೆದಾಗ ಬಹುಪಾಲು ಹೋಗುತ್ತದೆ, ಆದರೆ ಗರಸಿನ ಜೊತೆ ಗಡ್ಡೆ ಬಾರದಂತೆ ಕ್ವಾರಿಯ ಮೇಲ್ಮಣ್ಣು ಬಿಟ್ಟು ಕೆಳಗಿನದ್ದನ್ನೇ ತರಿಸಿ.

ಡಾಂಬರು ಹಾಕಿದ ಮೇಲೆ ಬಣ್ಣಕ್ಕೆ ಕನಿಷ್ಠ 14 ದಿನ, ಸಾಧ್ಯವಾದರೆ ಒಂದು ತಿಂಗಳು ಕಾಯಬೇಕು, ಅದರಲ್ಲಿನ ಎಣ್ಣೆಯಂಶ ಆರಲಿ. ಆ ನಡುವೆ ನೀರು ನಿಲ್ಲಿಸುವ ಪರೀಕ್ಷೆ ಮಾಡಿ. ಟ್ಯಾಂಕರ್ ತರಿಸಿ ಕೋರ್ಟ್ ಪೂರ್ತಿ ತೋಯಿಸಿ, ಬಿಸಿಲಲ್ಲಿ ಒಂದು ಗಂಟೆ ಬಿಡಿ. ಎರಡು ಮಿ.ಮೀ.ಗಿಂತ ಆಳದ ನೀರು ಎಲ್ಲಿ ಉಳಿದಿದೆಯೋ ಅಲ್ಲೆಲ್ಲ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಒಣಗಿದ ಮೇಲೆ ಅಕ್ರಿಲಿಕ್ ಪ್ಯಾಚ್ ಬೈಂಡರ್, ಸಿಲಿಕಾ ಮರಳು, ಸಿಮೆಂಟ್ ಕಲಸಿ ತುಂಬಬೇಕು, 50 ಕೆ.ಜಿ. ಮರಳಿಗೆ 12 ಲೀಟರ್ ಬೈಂಡರ್, 6 ಕೆ.ಜಿ. ಸಿಮೆಂಟ್ ಸರಿಹೋಗುತ್ತದೆ. ಮೂರು ಮೀಟರ್ ಅಲ್ಯೂಮಿನಿಯಂ ಪಟ್ಟಿ ಇಟ್ಟು ನೋಡಿದರೆ ಅದರಡಿ 6 ಮಿ.ಮೀ.ಗಿಂತ ಹೆಚ್ಚು ಸಂದು ಎಲ್ಲೂ ಇರಬಾರದು. ಈ ಪರೀಕ್ಷೆ ನಿಮ್ಮ ಮುಂದೆಯೇ ಆಗಲಿ, ಆಗುವವರೆಗೆ ಡಾಂಬರಿನ ಬಾಬ್ತಿನ ಕೊನೆಯ ಕಂತು ಕೊಡಬೇಡಿ. ಬಣ್ಣ ಬಿದ್ದ ಮೇಲೆ ಡಾಂಬರಿನವರು ಬಣ್ಣದವರನ್ನೂ, ಬಣ್ಣದವರು ಡಾಂಬರಿನವರನ್ನೂ ತೋರಿಸುತ್ತಾರೆ.

ನಂತರ ರಿಸರ್ಫೇಸರ್ (ಡಾಂಬರಿನ ಸಣ್ಣ ರಂಧ್ರ ಮುಚ್ಚುವ ಅಕ್ರಿಲಿಕ್ ತಳಲೇಪ) ಎರಡು ಕೋಟ್. ಅದಕ್ಕೆ 60–80 ಮೆಶ್ ಸಿಲಿಕಾ ಮರಳು ಸೇರಿಸುತ್ತಾರೆ: 100 ಲೀಟರಿಗೆ 130ರಿಂದ 200 ಕೆ.ಜಿ. ಮರಳು, 40ರಿಂದ 70 ಲೀಟರ್ ನೀರು. ಅದರ ಮೇಲೆ ಬಣ್ಣದ ಕೋಟ್ ಎರಡೋ ಮೂರೋ. ಅಗಲವಾದ ರಬ್ಬರ್ ಸ್ಕ್ವೀಜಿಯಿಂದ ಎಳೆಯಬೇಕು, ಒಂದು ಕೋಟ್ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ. ಏಪ್ರಿಲ್ ಮಧ್ಯಾಹ್ನದ ಕಾದ ಡಾಂಬರಿನ ಮೇಲೆ ಎಳೆದರೆ ಮೇಲ್ಪದರ ತಕ್ಷಣ ಒಣಗಿ, ಒಳಗಿನ ನೀರು ಗುಳ್ಳೆಯಾಗುತ್ತದೆ. ಅದಕ್ಕೇ ಜನವರಿ.

‘8 ಲೇಯರ್’ ಎಂಬ ಮಾತಿಗೆ ಅರ್ಥ ಬರುವುದು ಪ್ರತಿ ಲೇಯರಿಗೆ ಎಷ್ಟು ಮಾಲು ಎಂದು ಬರೆದುಕೊಟ್ಟಾಗ. ನೀರು ಬೆರೆಸುವ ಮೊದಲಿನ ಲೆಕ್ಕದಲ್ಲಿ ರಿಸರ್ಫೇಸರ್ ಒಂದು ಕೋಟಿಗೆ ಚದರ ಮೀಟರಿಗೆ ಸುಮಾರು ಕಾಲು ಲೀಟರ್, ಬಣ್ಣ 0.2 ಲೀಟರ್ ಹಿಡಿಯುತ್ತದೆ. 670 ಚದರ ಮೀಟರಿಗೆ ಎರಡು ಕೋಟ್ ರಿಸರ್ಫೇಸರ್ 335 ಲೀಟರ್, ಮೂರು ಕೋಟ್ ಬಣ್ಣ 400 ಲೀಟರ್. ಸೈಟಿಗೆ ಬಂದ ಡ್ರಮ್ಮುಗಳನ್ನು ಸೀಲ್ ಒಡೆಯುವ ಮೊದಲು ಎಣಿಸಿ, ಖಾಲಿಯಾದ ಮೇಲೂ ಎಣಿಸಿ. ನೀರು ಹೆಚ್ಚಿಸಿ ತೆಳ್ಳಗೆ ಎಂಟು ಸಲ ಎಳೆಯುವುದಕ್ಕಿಂತ ಸರಿಯಾದ ಹದದಲ್ಲಿ ಐದು ಸಲ ಎಳೆದದ್ದು ಬಾಳಿಕೆ ಬರುತ್ತದೆ.

‘ಐಟಿಎಫ್ ಅಪ್ರೂವ್ಡ್’ ಕೂಡ ಇಂಥದ್ದೇ ಮಾತು. ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ಮಾಡುವುದು ಮೇಲ್ಮೈ ಉತ್ಪನ್ನದ ಮಾದರಿಯನ್ನು ಪರೀಕ್ಷಿಸಿ ವೇಗದ ವರ್ಗ ಕೊಡುವುದು: ನಿಧಾನದಿಂದ ವೇಗದವರೆಗೆ ಐದು ವರ್ಗಗಳು, ಅಂಕ 29ರವರೆಗೆ ನಿಧಾನ, 45 ಮತ್ತು ಮೇಲೆ ವೇಗ. ಉತ್ಪನ್ನಕ್ಕೆ ಸಿಕ್ಕ ವರ್ಗ ನಿಮ್ಮ ಕೋರ್ಟಿನ ಕೆಲಸ ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಕಟ್ಟಿದ ಕೋರ್ಟನ್ನೇ ಅಳೆದು ಕೊಡುವ ಒಂದು ಸ್ಟಾರ್, ಎರಡು ಸ್ಟಾರ್ ಮಾನ್ಯತೆ ಬೇರೆ ಇದೆ, ಬಡಾವಣೆಯ ಕೋರ್ಟಿಗೆ ಅದು ಬೇಕಾಗಿಲ್ಲ. ಇನ್ನು ವೇಗ ನಿರ್ಧಾರವಾಗುವುದು ಬಹುಪಾಲು ಬಣ್ಣದ ಕೋಟಿನಲ್ಲಿರುವ ಮರಳಿನಿಂದ. ಮರಳು ದಪ್ಪ, ಹೆಚ್ಚು ಇದ್ದಷ್ಟೂ ಚೆಂಡು ಹಿಡಿದು ನಿಲ್ಲುತ್ತದೆ. ಮಕ್ಕಳು, ಹಿರಿಯರು ಆಡುವ ಕೋರ್ಟಿಗೆ ಮಧ್ಯಮ–ನಿಧಾನ ಕೇಳಿ; ಒದ್ದೆಯಲ್ಲಿ ಜಾರುವುದೂ ಕಡಿಮೆ. ಮರಳು ಸವೆದಂತೆ ಕೋರ್ಟ್ ವರ್ಷವರ್ಷಕ್ಕೆ ವೇಗವಾಗುತ್ತದೆ. ಐದಾರು ವರ್ಷಕ್ಕೊಮ್ಮೆ ಮರುಲೇಪ ಬೇಕಾಗುವುದು ಬಣ್ಣ ಮಾಸಿದ್ದಕ್ಕಷ್ಟೇ ಅಲ್ಲ, ಇದಕ್ಕೂ.

ಮೊಣಕಾಲಿನ ಚಿಂತೆಗೆ ಕುಶನ್ ಇದೆ. ಮೊದಲ ರಿಸರ್ಫೇಸರ್ ಮೇಲೆ ದಪ್ಪ ರಬ್ಬರ್ ಹರಳಿನ ಕೋಟುಗಳು, ಆಮೇಲೆ ಸಣ್ಣ ಹರಳಿನ ಕೋಟುಗಳು, ಕೊನೆಗೆ ಬಣ್ಣ. ಎಲ್ಲ ಸೇರಿ ಎರಡು ಮೂರು ಮಿ.ಮೀ. ಸ್ವಲ್ಪ ಮೆತ್ತಗಾಗುತ್ತದೆ, ದಿಂಬಾಗುವುದಿಲ್ಲ. ಹಣ ಸಾಲದಿದ್ದರೆ ಕುಶನ್ ಬಿಡಿ, ಗರಸು ಬಿಡಬೇಡಿ.

ಕಾಂಕ್ರೀಟ್ ಯಾವಾಗ?

ಕಾಂಕ್ರೀಟ್ ಕೆಟ್ಟದ್ದೆಂದಲ್ಲ. ಎರೆಮಣ್ಣಿಗೆ ಅತ್ಯುತ್ತಮ ತಳ ಎಂದರೆ ಪೋಸ್ಟ್‌-ಟೆನ್ಷನ್ ಹಾಸೇ: ಎರಡು ಪದರ ಪಾಲಿಥೀನ್ ಮೇಲೆ ಎರಡೂ ದಿಕ್ಕಿಗೆ ಕೇಬಲ್ ಹಾಕಿ ಕಾಂಕ್ರೀಟ್ ಸುರಿದು, ಮೊದಲು ಸ್ವಲ್ಪ, ಬಲ ಬಂದ ಮೇಲೆ ಪೂರ್ತಿ ಎಳೆದು ಬಿಗಿಯುವುದು. ಇಡೀ ಕೋರ್ಟ್ ಸಂದಿಲ್ಲದ ಒಂದೇ ಹಾಸಾಗಿ, ನೆಲ ಅಲುಗಿದರೂ ಒಟ್ಟಿಗೇ ಅಲುಗುತ್ತದೆ. ಆದರೆ ಒಂದು ಕೋರ್ಟಿಗೋಸ್ಕರ ಆ ಯಂತ್ರ ಮತ್ತು ಪಳಗಿದ ತಂಡವನ್ನು ಕರೆಸುವುದು ದುಬಾರಿ.

ಮಾಮೂಲಿ ಆರ್‌ಸಿಸಿ ಮಾಡುವುದಾದರೆ ಕನಿಷ್ಠ 125 ಮಿ.ಮೀ., ಎಂ25 ದರ್ಜೆಯ ಕಾಂಕ್ರೀಟ್, ಎರಡೂ ದಿಕ್ಕಿಗೆ 8 ಮಿ.ಮೀ. ಕಬ್ಬಿಣ, ಅಡಿಯಲ್ಲಿ 250 ಮೈಕ್ರಾನ್ ಹಾಳೆ. ನಾಲ್ಕು ಮೀಟರಿಗೊಂದರಂತೆ ಕತ್ತರಿಸಿದ ಸಂದು ಬೇಕು, ಆ ಸಂದುಗಳು ಕೆಲ ವರ್ಷದಲ್ಲಿ ಬಣ್ಣದ ಮೇಲೆ ಗೆರೆಯಾಗಿ ಮೂಡುತ್ತವೆ. ಮೇಲ್ಮೈಯನ್ನು ಪವರ್ ಟ್ರೋವೆಲ್‌ನಿಂದ ಗಾಜಿನಂತೆ ನುಣ್ಣಗೆ ಮಾಡಿದರೆ ಅಕ್ರಿಲಿಕ್ ಕಚ್ಚುವುದಿಲ್ಲ, ಬ್ರಷ್ ಎಳೆದ ಒರಟು ಬೇಕು. ಕ್ಯೂರಿಂಗ್ ಕಾಂಪೌಂಡ್ ಬಳಸದೆ ನೀರಿನಲ್ಲೇ ಕ್ಯೂರ್ ಮಾಡಿ, 28 ದಿನ ಬಿಟ್ಟು, 45 ಸೆಂ.ಮೀ. ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಅಂಟಿಸಿ 16 ಗಂಟೆ ಇಡಿ. ಒಳಗೆ ಹನಿ ಕಂಡರೆ ಕಾಂಕ್ರೀಟ್ ಇನ್ನೂ ತೇವ ಬಿಡುತ್ತಿದೆ. ಆಗ ಬಣ್ಣ ಬಳಿದರೆ ಹಪ್ಪಳದಂತೆ ಏಳುತ್ತದೆ.

ಕೆಂಪು ಮಣ್ಣಿನ ಕೋರ್ಟ್

ನಿಮ್ಮ ಎರಡನೆಯ ಸಲಹೆಗಾರರನ್ನು ತಳ್ಳಿಹಾಕಬೇಡಿ. ಎರೆ ಸ್ವಲ್ಪ ಅಲುಗಿದರೂ ಮಣ್ಣಿನ ಕೋರ್ಟನ್ನು ಕೆದಕಿ, ಮಟ್ಟ ಮಾಡಿ, ರೋಲರ್ ಎಳೆದರೆ ಮುಗಿಯಿತು. ಕಾಲು ಜಾರಿಸಿಕೊಂಡು ನಿಲ್ಲಲು ಆಗುವುದರಿಂದ ಮೊಣಕಾಲಿಗೆ ಕುಶನ್ ಅಕ್ರಿಲಿಕ್‌ಗಿಂತ ಹಿತ. ಚೆಂಡು ನಿಧಾನವಾಗಿ, ಎತ್ತರಕ್ಕೆ ಪುಟಿಯುವುದರಿಂದ ಕಲಿಯುವ ಮಕ್ಕಳಿಗೆ ಹೊಡೆತ ಕಟ್ಟಿಕೊಳ್ಳಲು ಸಮಯ ಸಿಗುತ್ತದೆ.

ಇದಕ್ಕೆ ಗರಸಿನ ದಪ್ಪ 30–45 ಸೆಂ.ಮೀ. ಸಾಕು, ಸುಣ್ಣದ ಪದರ ಮತ್ತು ಪೈಪು ಬೇಕು. ಅದರ ಮೇಲೆ 40 ಮಿ.ಮೀ. ಜಲ್ಲಿ 10–15 ಸೆಂ.ಮೀ., ಸಣ್ಣ ಜಲ್ಲಿ 5 ಸೆಂ.ಮೀ., ಕ್ರಷರ್ ಪುಡಿ 5 ಸೆಂ.ಮೀ., ಎಲ್ಲಕ್ಕೂ ಮೇಲೆ ಆಡುವ ಮಣ್ಣು 5 ಸೆಂ.ಮೀ. ಫ್ರೆಂಚ್ ಓಪನ್ ನಡೆಯುವ ಪ್ಯಾರಿಸ್ಸಿನ ರೋಲಾಂ ಗ್ಯಾರೋ ಕೋರ್ಟುಗಳದ್ದೂ ಇದೇ ತರ್ಕ: ಕಲ್ಲು, ಕಲ್ಲಿದ್ದಲಿನ ಕಿಟ್ಟ, ಪುಡಿಮಾಡಿದ ಸುಣ್ಣಕಲ್ಲು, ತುದಿಯಲ್ಲಿ ಒಂದೆರಡು ಮಿ.ಮೀ. ಮಾತ್ರ ಇಟ್ಟಿಗೆ ಪುಡಿ. ಟಿವಿಯಲ್ಲಿ ಕಾಣುವ ಕೆಂಪು ಅಷ್ಟು ತೆಳ್ಳನೆಯದು. ತೇವ ಹಿಡಿದಿಡುವ ಕೆಲಸ ಅದರಡಿಯ ಸುಣ್ಣಕಲ್ಲಿನದು.

ನಮ್ಮಲ್ಲಿ ಆಡುವ ಪದರಕ್ಕೆ ಜರಡಿ ಹಿಡಿದ ಕೆಂಪು ಮಣ್ಣು, ಸಣ್ಣ ಮರಳು, ಸುರ್ಕಿ (ಇಟ್ಟಿಗೆ ಪುಡಿ) ಬೆರೆಸುತ್ತಾರೆ. ಪಾಲು ಎಷ್ಟೆಂದು ಯಾರಾದರೂ ಮಣ್ಣು ನೋಡದೆ ಹೇಳಿದರೆ ನಂಬಬೇಡಿ, ಪ್ರತಿ ಊರಿನ ಕೆಂಪು ಮಣ್ಣಿನ ಜೇಡಿ ಬೇರೆ. ಮೂಲೆಯಲ್ಲಿ ಒಂದು ಮೀಟರ್ ಚೌಕದ ನಾಲ್ಕು ತುಂಡು ಬೇರೆಬೇರೆ ಪಾಲಿನಲ್ಲಿ ಹಾಸಿ, ನೀರು ಹಾಕಿ, ರೋಲ್ ಮಾಡಿ, ಒಣಗಿಸಿ. ಬಿರಿದದ್ದಕ್ಕೆ ಜೇಡಿ ಹೆಚ್ಚು. ಬೂಟಿನ ಹಿಮ್ಮಡಿಗೆ ಪುಡಿಯಾಗಿ ಎದ್ದದ್ದಕ್ಕೆ ಜೇಡಿ ಕಡಿಮೆ. ನಡುವಿನದನ್ನು ಆರಿಸಿ, ಅದೇ ಪಾಲಿನಲ್ಲಿ 45 ಘನ ಮೀಟರ್ ಸಡಿಲ ಮಣ್ಣು ಕಲಸಿ. ಎರೆಮಣ್ಣನ್ನು ಅಂಟಿಗೆಂದು ಸೇರಿಸುವ ಚಾಳಿ ಇದೆ, ಬೇಡ. ವಾಟ ಇಲ್ಲಿ ಬಹಳ ಕಡಿಮೆ, 300ಕ್ಕೆ 1ರ ಸುತ್ತ. ಹೆಚ್ಚಾದರೆ ಮಳೆ ಇಟ್ಟಿಗೆ ಪುಡಿಯನ್ನೆಲ್ಲ ತಗ್ಗಿನ ಬದಿಗೆ ಒಯ್ಯುತ್ತದೆ.

ಕಷ್ಟ ಶುರುವಾಗುವುದು ಕಟ್ಟಿದ ಮೇಲೆ. ದಿನಕ್ಕೆ ಸುಮಾರು ಎರಡು ಸಾವಿರ ಲೀಟರ್ ನೀರು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಪ್ರತಿ ಆಟದ ನಂತರ ಬಲೆ ಅಥವಾ ಬ್ರಷ್ ಎಳೆಯಬೇಕು, ಅದೂ ಹೊರಗಿನಿಂದ ಒಳಗೆ ಸುತ್ತುತ್ತ. ದಿನಾ ಒಂದೇ ದಿಕ್ಕಿಗೆ ಎಳೆದರೆ ಬೇಸ್‌ಲೈನ್ ಹಿಂದೆ ಗುಂಡಿ, ಬೇಲಿಯ ಹತ್ತಿರ ದಿಬ್ಬ ಏಳುತ್ತದೆ. ವಾರಕ್ಕೆ ಎರಡು ಮೂರು ಸಲ ಹಗುರ ಕೈ ರೋಲರ್, ಮಳೆಗಾಲ ಮುಗಿದ ಮೇಲೆ ಮೇಲ್ಪದರ ಕೆದಕಿ ಹೊಸ ಸುರ್ಕಿ. ದೂಳು ಹೆಚ್ಚಾದರೆ ಕ್ಯಾಲ್ಸಿಯಂ ಕ್ಲೋರೈಡ್ ಎರಚಿದರೆ ಗಾಳಿಯ ತೇವ ಹೀರಿ ಹಿಡಿದಿಡುತ್ತದೆ, ಆದರೆ ಹರಿದ ನೀರು ಪಕ್ಕದ ಗಿಡಗಳಿಗೆ ಹೋಗಬಾರದು. ದಕ್ಷಿಣದ ಹಳೆಯ ಕೋರ್ಟುಗಳಂತೆ ಸಗಣಿ ಸಾರಿಸಿದರೆ ದೂಳು ಅಡಗುತ್ತದೆ ನಿಜ; ಮೇಲ್ಮೈ ಗಟ್ಟಿಯಾಗಿ ಚೆಂಡು ಕೆಳಗೇ ಜಾರಿ ಬರುತ್ತದೆ, ಮಣ್ಣಿನ ಕೋರ್ಟಿನ ನಿಧಾನವೇ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಷ್ಟೋ ಸಂಜೆ ಆಟ ಇರುವುದಿಲ್ಲ. ಮಾಲಿ ಬಿಟ್ಟುಹೋಗಿ ಎರಡು ತಿಂಗಳಾದರೆ ಕೋರ್ಟೂ ಹೋಯಿತು. ಸಂಘದ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಮಾಲಿಯ ಸಂಬಳದ್ದು, ಮಣ್ಣಿನದ್ದಲ್ಲ.

ಟರ್ಫ್ ಮತ್ತು ಹುಲ್ಲು

ಟೆನಿಸ್‌ಗೂ ಕೃತಕ ಹುಲ್ಲು ಇದೆ. ಅದರ ಎಳೆಯ ಎತ್ತರ 12ರಿಂದ 20 ಮಿ.ಮೀ., ನಡುವೆ ತುದಿಯವರೆಗೂ ದುಂಡು ಸಿಲಿಕಾ ಮರಳು ತುಂಬಿರುತ್ತಾರೆ. ನಿಮ್ಮ ಅಳತೆಗೆ ಹತ್ತು ಟನ್ನಿಗೂ ಮಿಕ್ಕಿ ಮರಳು ಬೇಕು. ಫುಟ್‌ಬಾಲ್ ಟರ್ಫಿನ ಎಳೆ 40–50 ಮಿ.ಮೀ., ಮೇಲೆ ರಬ್ಬರ್ ಹರಳು. ಅದರ ಮೇಲೆ ಟೆನಿಸ್ ಚೆಂಡು ಪುಟಿಯುವುದೇ ಇಲ್ಲ. ಒಂದರಲ್ಲಿ ಎರಡಾಟ ಎಂದವರು ಟೆನಿಸ್ ಆಡಿದವರಲ್ಲ. ಟೆನಿಸ್ ಟರ್ಫ್ ಹಾಕಿದರೂ ತಳ ಇಷ್ಟೇ ಗಟ್ಟಿ ಬೇಕು, ವಾರವಾರ ಬ್ರಷ್ ಹೊಡೆದು ಮರಳು ಸಮ ಮಾಡಬೇಕು, ಹಾಗಾಗಿ ಉಳಿತಾಯವೇನೂ ಇಲ್ಲ.

ನಿಜವಾದ ಹುಲ್ಲಿನ ಕೋರ್ಟ್ ದಿನವಿಡೀ ಆಡುವ ಬಡಾವಣೆಗೆ ಹೊಂದುವುದಿಲ್ಲ. ವಿಂಬಲ್ಡನ್ ಪೂರ್ತಿ ರೈಗ್ರಾಸ್ ಬಿತ್ತಿ, 8 ಮಿ.ಮೀ.ಗೆ ಕತ್ತರಿಸಿ, ವರ್ಷದ ಬಹುಪಾಲು ಮುಖ್ಯ ಕೋರ್ಟುಗಳಿಗೆ ವಿಶ್ರಾಂತಿ ಕೊಡುತ್ತದೆ. ಇನ್ನು ಹಳೆಯ ಬಿರಿದ ಕಾಂಕ್ರೀಟ್ ಇರುವವರಿಗೆ ಒಂದಡಿ ಚೌಕದ ಪ್ಲಾಸ್ಟಿಕ್ ಟೈಲ್ ಜೋಡಿಸುವುದು ಅನುಕೂಲ. ಖಾಲಿ ನೆಲದಿಂದ ಶುರುಮಾಡುವ ನಿಮಗೆ ಅದರ ಅಗತ್ಯವಿಲ್ಲ.

ಒಪ್ಪಂದಕ್ಕೆ ಮೊದಲು

ಗುತ್ತಿಗೆದಾರರಿಂದ ಅಂದಾಜುಪಟ್ಟಿಯನ್ನು ಮೂರು ಭಾಗ ಮಾಡಿ ಕೇಳಿ: ಮಣ್ಣು ಮತ್ತು ಗರಸು, ಡಾಂಬರು, ಬಣ್ಣ. ‘ತಳಪಾಯ ಸೇರಿ’ ಎಂಬ ಒಂದೇ ಸಾಲಿನ ಪಟ್ಟಿಯಲ್ಲಿ ಮೊದಲು ತೆಳ್ಳಗಾಗುವುದು ಕಾಣದ ಗರಸೇ. ಪ್ರತಿ ಗರಸು ಪದರದ ಮೇಲೆ ಎರಡು ಮೂರು ಕಡೆ ಮರಳು ತುಂಬುವ ವಿಧಾನದಲ್ಲಿ ಸಾಂದ್ರತೆ ಅಳೆಸಿ, ವರದಿ ಸಿಕ್ಕ ಮೇಲೆಯೇ ಮುಂದಿನ ಪದರ. ಬೇಲಿಯ ಕಂಬಗಳು ಮೂರು ಮೀಟರಿಗೊಂದು, ಎತ್ತರ 3ರಿಂದ 3.6 ಮೀಟರ್, ಅಡಿಪಾಯ 90 ಸೆಂ.ಮೀ. ಆಳ, ಇವನ್ನೂ ನೆಟ್ ಕಂಬದ ಗುಂಡಿಗಳನ್ನೂ ಡಾಂಬರಿಗೆ ಮೊದಲೇ ಮುಗಿಸಿ. ನೆಟ್ ಕಂಬಗಳು ಡಬಲ್ಸ್ ಗೆರೆಯಿಂದ 0.914 ಮೀಟರ್ ಹೊರಗೆ ಬರಬೇಕು, ಅದಕ್ಕೆ ಕಾಂಕ್ರೀಟಿನಲ್ಲಿ ಸ್ಲೀವ್ (ಕಂಬ ಇಳಿಸುವ ಕೊಳವೆ) ಕೂರಿಸಿ. ಕಂಬದ ಹತ್ತಿರ ನೆಟ್ 1.07 ಮೀಟರ್, ನಡುವೆ 0.914 ಮೀಟರ್, ನಡುವಿನ ಪಟ್ಟಿ ಎಳೆಯುವ ಕೊಕ್ಕೆಯ ಗುಂಡಿಯನ್ನು ಮರೆತು ಬಣ್ಣ ಮುಗಿದ ಮೇಲೆ ಕೊರೆಯುವುದು ಬಹಳ ಕಡೆ ನಡೆಯುತ್ತದೆ, ಆ ತೂತಿನಿಂದಲೇ ನೀರು ಇಳಿದು ಮೊದಲ ಗುಳ್ಳೆ ಏಳುತ್ತದೆ.